ಸಲ್ಯೂಷನ್ ಟ್ಯೂಬಿನ ಆಯುಸ್ಸು: ಕೊಪ್ಪಳ ಸೀಮೆಯ ಪಂಚರ್ ಕಸುಬು

ಪಂಚರ್ ಅಂಗಡಿಗಳಲ್ಲಿ ‘ಸಲ್ಯೂಷನ್’ ಎಂದೇ ಕರೆಸಿಕೊಳ್ಳುವ ಅಂಟು ಎಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರು. ಇದು ಸೈಕಲ್ಲಿಗಾಗಿ ಹುಟ್ಟಿದ್ದಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಕಲ್ಲಿದ್ದಲಿನ ಟಾರಿನಿಂದ ತೆಗೆದ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ 1823ರಲ್ಲಿ ಪೇಟೆಂಟ್ ಪಡೆದದ್ದು ಮಳೆಗೆ ನೆನೆಯದ ಬಟ್ಟೆಗಾಗಿ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ ಮೇಲೆ ಅದೇ ದ್ರವ ಸೈಕಲ್ ಟ್ಯೂಬಿಗೂ ಬೇಕಾಯಿತು.

ಇತ್ತ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು; ಕೊಪ್ಪಳ ಮತ್ತು ಯಲಬುರ್ಗಾ ಸಾಲಾರಜಂಗ್ ಮನೆತನದ ಜಹಗೀರು. ಗದಗ–ಹೊಸಪೇಟೆ ರೈಲು ದಾರಿ ಕೊಪ್ಪಳವನ್ನು ಮುಟ್ಟಿತ್ತು, ಉಳಿದ ಮೂರು ತಾಲ್ಲೂಕು ಕೇಂದ್ರಗಳಿಗೆ ಬಹುಕಾಲ ರಸ್ತೆಯೇ ಗತಿ. ಸೈಕಲ್ಲು ಜನಸಾಮಾನ್ಯರ ಕೈಗೆ ಬಂದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಮದರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಶುರುವಾದವು. ಆ 1956ರಲ್ಲೇ ಈ ಸೀಮೆ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯ ಸೇರಿತು; ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಪಂಚರಿಗೆ ಇಲ್ಲಿ ಬರವಿರಲಿಲ್ಲ. ಹೊಲದ ದಾರಿಯ ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಬೇಲಿಗೆ ಹಾಕಿದ ಬಳ್ಳಾರಿ ಜಾಲಿಯ ಮುಳ್ಳು ಟೈರನ್ನೂ ದಾಟಿ ಟ್ಯೂಬಿಗೆ ಇಳಿಯುತ್ತದೆ. ಟ್ಯೂಬನ್ನು ಬಾಂಡ್ಲಿ ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಗುರುತು ಹಾಕಿ, ಒರೆಸಿ, ಅರದಿಂದ ಉಜ್ಜಿ, ಸಲ್ಯೂಷನ್ ಸವರಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ಪ್ಯಾಚು ಕೂರಿಸುವುದು ಕೆಲಸದ ಕ್ರಮ. ಸವರಿದ ಅಂಟು ಆರುವ ಮೊದಲೇ ಪ್ಯಾಚು ಒತ್ತಿದರೆ ದ್ರಾವಕ ಒಳಗೇ ಉಳಿದು ಅಂಚು ಏಳುತ್ತದೆ. ಅವಸರದ ಗಿರಾಕಿ ಮರುದಿನ ಮತ್ತೆ ಬರುವುದು ಹೆಚ್ಚಾಗಿ ಇದರಿಂದಲೇ.

ದ್ರಾವಕ ಹಾರಿಹೋಗುವುದೇ ಅಂಟಿನ ಗುಣವಾದ್ದರಿಂದ ಅದರ ಬಾಳಿಕೆಯೂ ಅಲ್ಲೇ ನಿಂತಿದೆ. ಬಾಯಿ ಒಡೆಯದ ಲೋಹದ ಟ್ಯೂಬು ತಂಪಿನಲ್ಲಿದ್ದರೆ ಕೆಲವು ವರ್ಷ ಕೆಡುವುದಿಲ್ಲ. ಒಮ್ಮೆ ಚುಚ್ಚಿದ ಮೇಲೆ ಲೆಕ್ಕ ತಿಂಗಳುಗಳದ್ದು. ಮುಚ್ಚಳದ ತಿರುಪಿಗೆ ಅಂಟು ಮೆತ್ತಿ ಸರಿಯಾಗಿ ಕೂರದಿದ್ದರೆ, ಅಥವಾ ಏಪ್ರಿಲ್–ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ತಗಡಿನ ಪೆಟ್ಟಿಗೆಯೊಳಗೆ ಉಳಿದರೆ, ವಾರಗಳಲ್ಲೇ ಗಟ್ಟಿಯಾಗುತ್ತದೆ. ಹಿಂಡಿದ ಲೋಹದ ಟ್ಯೂಬು ಹಿಂಡಿದಂತೆಯೇ ಉಳಿಯುವುದರಿಂದ ಒಳಗೆ ಗಾಳಿ ಸೇರುವುದು ಕಡಿಮೆ. ಅಂಟಿನ ಡಬ್ಬಿ ಅರ್ಧ ಖಾಲಿಯಾದರೆ ಆ ಖಾಲಿ ಜಾಗಕ್ಕೆ ಆವಿ ತುಂಬಿಕೊಳ್ಳುತ್ತದೆ, ತೆರೆದಾಗಲೆಲ್ಲ ಅದು ಹೊರಟುಹೋಗುತ್ತದೆ.

ಗಟ್ಟಿಯಾದದ್ದಕ್ಕೆ ನಾಲ್ಕು ಹನಿ ಪೆಟ್ರೋಲು ಬೆರೆಸುವುದು ಅಂಗಡಿಗಳ ಹಳೆಯ ಉಪಾಯ. ಬರೀ ರಬ್ಬರಿನ ಅಂಟಾದರೆ ಸ್ವಲ್ಪ ಮಟ್ಟಿಗೆ ಮತ್ತೆ ಕರಗುತ್ತದೆ; ರಬ್ಬರನ್ನು ಬಲಿಸುವ ರಾಸಾಯನಿಕ ಸೇರಿದ ಅಂಟು ಒಳಗೇ ಹೆಪ್ಪುಗಟ್ಟಿದ್ದರೆ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಲೂನಾ ಮೊಪೆಡ್ ಅಥವಾ ಹಳೆಯ ಸ್ಕೂಟರಿನ ಟ್ಯಾಂಕಿನಿಂದ ತೆಗೆದ, ಎಣ್ಣೆ ಬೆರೆತ ಪೆಟ್ರೋಲಂತೂ ಬೇಡವೇ ಬೇಡ. ಎಣ್ಣೆಯ ಪೊರೆಯ ಮೇಲೆ ಯಾವ ಪ್ಯಾಚೂ ನಿಲ್ಲದು.

ಹೀಗಾಗಿ ಮನೆಯಲ್ಲಿ ಸಲ್ಯೂಷನ್ ಇಟ್ಟುಕೊಳ್ಳುವುದು ಲಾಭದ ಬಾಬತ್ತಾಗಿರಲಿಲ್ಲ: ಒಂದು ಪಂಚರಿಗೆ ತೆರೆದ ಟ್ಯೂಬು ಎರಡನೆಯದಕ್ಕೆ ಕಾಯುವಷ್ಟರಲ್ಲಿ ಒಣಗುತ್ತಿತ್ತು. ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳಲ್ಲಿ ಅಂಟು ಆರುವ ಮೊದಲೇ ಮುಗಿಯುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತದ ಸೀಮೆಯಾಗಿ ಬೆಳೆದ ಗಂಗಾವತಿಯಂಥ ಪೇಟೆಗೂ, ಮಳೆ ನಂಬಿದ ಯಲಬುರ್ಗಾದ ಎರೆಸೀಮೆಯ ಸಣ್ಣ ಊರಿಗೂ ಈ ವಿಷಯದಲ್ಲಿ ವ್ಯತ್ಯಾಸವಿರುವುದು ಸಹಜ.

2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಹಳ್ಳಿಗಳ ಪಂಚರ್ ಅಂಗಡಿಗಳಿಗೆ ಹೊಸ ಗಿರಾಕಿಗಳು ಸಿಕ್ಕರು. ಅಷ್ಟರಲ್ಲಾಗಲೇ ದೊಡ್ಡವರು ಮೋಟಾರ್ ಸೈಕಲ್ಲಿಗೆ ಹೊರಳುತ್ತಿದ್ದರು. ಈಚಿನ ಟ್ಯೂಬ್‌ಲೆಸ್ ಟೈರಿನ ತೂತಿಗೆ ತುರುಕುವುದು ಅಂಟುಪಟ್ಟಿ. ಟ್ಯೂಬಿರುವ ಗಾಲಿಗೆ ಮಾತ್ರ ಸಲ್ಯೂಷನ್ ತಪ್ಪಿಲ್ಲ. ದಿನಕ್ಕೊಂದು ಪಂಚರೂ ಬಾರದ ಅಂಗಡಿಗೆ ದೊಡ್ಡ ಡಬ್ಬಿ ನಷ್ಟದ ಮಾಲು, ಸಣ್ಣ ಟ್ಯೂಬೇ ಲೇಸು.