ಆರ್ಸೆನ್ ವೆಂಗರ್: ಮೈದಾನದಿಂದ ಆಡಳಿತದ ಅಂಗಳಕ್ಕೆ

ಫುಟ್‌ಬಾಲ್ ತರಬೇತುದಾರರಾಗಿ ಕೀರ್ತಿ ಗಳಿಸಿ, ಬಳಿಕ ಆಡಳಿತದ ಹೊಣೆ ಹೊತ್ತವರಲ್ಲಿ ಫ್ರಾನ್ಸ್‌ನ ಆರ್ಸೆನ್ ವೆಂಗರ್ ಪ್ರಮುಖರು. 1949ರ ಅಕ್ಟೋಬರ್ 22ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಜನಿಸಿದ ಅವರು ಅರ್ಥಶಾಸ್ತ್ರ ಪದವೀಧರರು. ಆಟಗಾರರಾಗಿ ಹೆಚ್ಚು ಹೆಸರು ಮಾಡಲಿಲ್ಲ. 1984ರಲ್ಲಿ ನ್ಯಾನ್ಸಿ ಕ್ಲಬ್‌ನ ತರಬೇತಿ ವಹಿಸಿಕೊಂಡ ಅವರು, 1987ರಲ್ಲಿ ಮೊನಾಕೊ ಸೇರಿ ಮೊದಲ ಋತುವಿನಲ್ಲೇ ಫ್ರೆಂಚ್ ಲೀಗ್ ಪ್ರಶಸ್ತಿ ತಂದುಕೊಟ್ಟರು. ನಂತರ ಜಪಾನ್‌ನ ನಗೋಯಾ ತಂಡಕ್ಕೆ ಮಾರ್ಗದರ್ಶನ ನೀಡಿದರು.

1996ರಲ್ಲಿ ಲಂಡನ್‌ನ ಆರ್ಸೆನಲ್ ಅವರನ್ನು ಕರೆತಂದಿತು. ಆಟಗಾರರ ಆಹಾರ, ವ್ಯಾಯಾಮ ಕ್ರಮಗಳನ್ನೇ ವೆಂಗರ್ ಬದಲಿಸಿದರು. 1998, 2002 ಹಾಗೂ 2004ರಲ್ಲಿ ಪ್ರೀಮಿಯರ್ ಲೀಗ್, ಒಟ್ಟು ಏಳು ಬಾರಿ ಎಫ್‌ಎ ಕಪ್ ಆರ್ಸೆನಲ್ ಪಾಲಾದವು. 2003-04ರ ಲೀಗ್‌ನಲ್ಲಿ ತಂಡ 38 ಪಂದ್ಯಗಳ ಪೈಕಿ 26ರಲ್ಲಿ ಗೆದ್ದು, 12ರಲ್ಲಿ ಡ್ರಾ ಸಾಧಿಸಿ ಅಜೇಯವಾಗಿ ಉಳಿಯಿತು. 2006ರಲ್ಲಿ ಆರಂಭಗೊಂಡ ಹೊಸ ಕ್ರೀಡಾಂಗಣದ ಸಾಲದಿಂದಾಗಿ ಆಟಗಾರರ ಖರೀದಿಗೆ ಕೈ ಬಿಗಿಹಿಡಿಯಬೇಕಾಯಿತು. 2005ರ ನಂತರ 2014ರವರೆಗೆ ಒಂದೂ ಪ್ರಮುಖ ಪ್ರಶಸ್ತಿ ಒಲಿಯಲಿಲ್ಲ. ಕೊನೆಯ ವರ್ಷಗಳಲ್ಲಿ ಅಭಿಮಾನಿಗಳೇ ಅವರ ನಿರ್ಗಮನಕ್ಕೆ ಒತ್ತಾಯಿಸಿದರು. 2018ರ ಮೇ ತಿಂಗಳಲ್ಲಿ ವೆಂಗರ್ ಕ್ಲಬ್‌ಗೆ ವಿದಾಯ ಹೇಳಿದರು.

2019ರ ನವೆಂಬರ್‌ನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ಜಾಗತಿಕ ಫುಟ್‌ಬಾಲ್ ಅಭಿವೃದ್ಧಿ ವಿಭಾಗದ ಮುಖ್ಯಸ್ಥರನ್ನಾಗಿ ಅವರನ್ನು ನೇಮಿಸಿತು. ಕ್ಲಬ್‌ನಲ್ಲಿ ಅವರ ಮಾತೇ ಅಂತಿಮವಾಗಿತ್ತು, ಇಲ್ಲಿ ಹಾಗಿರಲಿಲ್ಲ. ವಿಶ್ವಕಪ್ ಅನ್ನು ಎರಡು ವರ್ಷಕ್ಕೊಮ್ಮೆ ನಡೆಸುವ ಯೋಜನೆಯನ್ನು 2021ರಲ್ಲಿ ಅವರು ಮುಂದಿಟ್ಟಾಗ ಯುರೋಪ್ ಹಾಗೂ ದಕ್ಷಿಣ ಅಮೆರಿಕದ ಒಕ್ಕೂಟಗಳು ತೀವ್ರವಾಗಿ ವಿರೋಧಿಸಿದವು. ಯೋಜನೆ ಮೂಲೆ ಸೇರಿತು. ನಾಲ್ಕು ವರ್ಷಗಳ ಪದ್ಧತಿಯೇ ಉಳಿಯಿತು.

ಬಾಲಪ್ರತಿಭೆಗಳನ್ನು ಗುರುತಿಸಿ ಬೆಳೆಸುವ ಕಾರ್ಯಕ್ರಮ ಅವರ ಹೊಣೆಗಾರಿಕೆಯ ಮತ್ತೊಂದು ಮುಖ. ಭಾರತಕ್ಕೆ ಹೆಚ್ಚು ಸಂಬಂಧಿಸಿದ್ದು ಇದೇ. 2023ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ಫಿಫಾ ಮತ್ತು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗಳ ಪ್ರತಿಭಾ ಅಕಾಡೆಮಿಯ ಉದ್ಘಾಟನೆಗೆ ವೆಂಗರ್ ಆಗಮಿಸಿದ್ದರು. 1962ರ ಏಷ್ಯನ್ ಕ್ರೀಡಾಕೂಟದ ಚಿನ್ನದ ನಂತರ ಅಂಥ ಗೆಲುವು ಕಾಣದ, ಒಮ್ಮೆಯೂ ವಿಶ್ವಕಪ್‌ನಲ್ಲಿ ಆಡದ ದೇಶಕ್ಕೆ ಎಳೆಯ ವಯಸ್ಸಿನ ತರಬೇತಿಯೇ ದೊಡ್ಡ ಕೊರತೆ.

ತರಬೇತುದಾರನ ಸೋಲು-ಗೆಲುವು ತೊಂಬತ್ತು ನಿಮಿಷಗಳಲ್ಲಿ ನಿರ್ಧಾರವಾಗುತ್ತದೆ. ಆಡಳಿತಗಾರನ ಕೆಲಸವನ್ನು ಅಳೆಯಬೇಕಾದರೆ ಇಂದಿನ ಬಾಲಕರು ರಾಷ್ಟ್ರೀಯ ತಂಡದ ಅಂಗಿ ತೊಡುವವರೆಗೆ ಕಾಯಬೇಕು. ಆರ್ಸೆನಲ್‌ನ ಕೊನೆಯ ವರ್ಷಗಳಲ್ಲಿ ವೆಂಗರ್‌ಗೆ ದೊರೆಯದ ಆ ತಾಳ್ಮೆ, ಭುವನೇಶ್ವರದ ಪ್ರಯತ್ನಕ್ಕಾದರೂ ದೊರೆಯಬೇಕಿದೆ.