ಮಳೆಗೆ ಮೊಳೆತ ಶೇಂಗಾ, ಹತ್ತು ಸಾವಿರ ವರ್ಷದ ಕಥೆ

ಬಿತ್ತನೆ ಬೀಜ ಸುಲಿಯೋ ಹೊತ್ತು. ನಮ್ಮನೇಲಿ ಈಗ ಒಂದೇ ಮಾತು: ಈ ಸಲಾನೂ ಅದೇ ಟಿಎಂವಿ-2 ಹಾಕೋದಾ, ಬೇರೇನಾದ್ರೂ ನೋಡೋದಾ?

ಈ ಪ್ರಶ್ನೆ ಎದ್ದಿದ್ದು ಒಂದು ಕೆಟ್ಟ ವರ್ಷದಿಂದ. ಕಾಯಿ ಬಲಿತಿತ್ತು, ಕೀಳೋಕೆ ಆಳಿಗೂ ಹೇಳಿಟ್ಟಿದ್ದೆ. ಅಷ್ಟರಲ್ಲಿ ಮಳೆ ಹಿಡೀತು. ಹೊಲ ಆರಿದ ಮೇಲೆ ಗಿಡ ಕಿತ್ತರೆ ಅರ್ಧಕ್ಕರ್ಧ ಕಾಯಿ ಮಣ್ಣೊಳಗೇ ಮೊಳಕೆ ಒಡೆದಿತ್ತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಇದೇನು ಹೊಸದಲ್ಲ ಬಿಡಿ. ಬೇಕು ಅಂದಾಗ ಮಳೆ ಬರಲ್ಲ, ಬೇಡ ಅಂದಾಗ ಬಿಡಲ್ಲ. ಆದ್ರೆ ನನಗೆ ಒಂದು ಮಾತು ಕೊರೀತಾನೇ ಇತ್ತು: ಇಷ್ಟೊಂದು ಕಾಯಿ ಒಟ್ಟಿಗೇ ಯಾಕೆ ಮೊಳೀಬೇಕು? ಒಂದಷ್ಟು ತಡೀಬಾರದಿತ್ತಾ?

ಕಾಡು ಶೇಂಗಾ ತಡೀತದೆ. ಅದರ ಬೀಜ ಬಲಿತ ಮೇಲೂ ಮಣ್ಣಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡ್ತದೆ. ಅದಕ್ಕೆ ಯಾರೂ ಹೇಳಿಕೊಟ್ಟಿದ್ದಲ್ಲ. ಬೀಜದಿಂದ ಬೀಜಕ್ಕೆ ಮೊದಲೇ ವ್ಯತ್ಯಾಸ ಇತ್ತು. ಅಕಾಲದ ಒಂದು ಮಳೆಗೆ ಮೊಳೆತವು ಮುಂದಿನ ಒಣಗಾಲಕ್ಕೆ ಸತ್ತವು, ಮಲಗಿದ್ದವು ಉಳಿದು ಮರಿ ಮಾಡಿದವು. ನಿಸರ್ಗದ ಆಯ್ಕೆ ಅಂದ್ರೆ ಇಷ್ಟೇ. ಗಿಡ ತಾನಾಗೇ ಬುದ್ಧಿ ಕಲಿಯಲ್ಲ, ಇರೋ ವ್ಯತ್ಯಾಸದಲ್ಲಿ ಕಾಲ ಆರಿಸಿಕೊಳ್ತದೆ.

ಮನುಷ್ಯನ ಆಯ್ಕೆ ಇದಕ್ಕೆ ಉಲ್ಟಾ. ಬಿತ್ತಿದ ತಕ್ಷಣ ಒಟ್ಟಿಗೆ ಹುಟ್ಟಿದ್ದೇ ಕಟಾವಿಗೆ ಸಿಕ್ಕಿತು, ಅದೇ ಮರುವರ್ಷದ ಬೀಜ ಆಯ್ತು. ನೆಲಕ್ಕೆ ಹಬ್ಬೋ ಶೇಂಗಾದಲ್ಲಿ ಆ ನಿದ್ದೆ ಇವತ್ತಿಗೂ ಉಳಿದಿದೆ. ನಾವು ಹಾಕೋ ನೆಟ್ಟಗೆ ನಿಲ್ಲೋ ಜಾತೀಲಿ ಹೋಗಿಬಿಟ್ಟಿದೆ.

ಹಾಗಾದ್ರೆ ಹೊಲದಲ್ಲಿ ಬೇರೆ ಥರದ ಗಿಡ ಆರಿಸಬಹುದಲ್ಲ ಅಂತೀರಾ? ಆರಿಸೋಕೆ ವ್ಯತ್ಯಾಸ ಬೇಕಲ್ಲ. ಶೇಂಗಾಕ್ಕೆ ಅದರ ಬಡತನ ಹುಟ್ಟಿನಿಂದಲೇ ಬಂದದ್ದು. ದಕ್ಷಿಣ ಅಮೆರಿಕದಲ್ಲಿ, ಬೊಲಿವಿಯಾ ಮತ್ತು ಅರ್ಜೆಂಟೀನಾ ಕಡೆ, ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಎರಡು ಕಾಡು ಜಾತಿ ಕೂಡಿದವು. ಆ ಎರಡರ ವಂಶವಾಹಿಯನ್ನು ವಿಜ್ಞಾನಿಗಳು ಪೂರ್ತಿ ಓದಿ ಪ್ರಕಟಿಸಿದ್ದು 2016ರಲ್ಲಿ. ಎರಡಕ್ಕೂ 20 20 ವರ್ಣತಂತು. ಹುಟ್ಟಿದ ಕೂಸಿಗೆ 40. ಲೆಕ್ಕ ಹೊಂದದ್ದಕ್ಕೆ ಕಾಡಿನ ನೆಂಟರ ಜೊತೆ ಮತ್ತೆ ಸಂಬಂಧ ಬೆಳೆಸೋದು ಕಷ್ಟ ಆಯ್ತು. ಅಂದ್ರೆ ಪ್ರಪಂಚದ ಶೇಂಗಾ ಎಲ್ಲಾ ಬೆರಳೆಣಿಕೆ ಗಿಡದ ಸಂತಾನ. ಮೇಲಾಗಿ ಇದರ ಹೂವು ತನ್ನ ಪರಾಗಕ್ಕೇ ಕಾಯಿ ಕಟ್ಟೋದು, ಪಕ್ಕದ ಗಿಡದ ಗುಣ ಬೆರೆಯೋದು ಅಪರೂಪ.

ಅಂಥ ಬಡ ಮನೆತನದಿಂದ ಇನ್ನೂ ಆರಿಸಿ ತೆಗೆದದ್ದು ನಮ್ಮ ಟಿಎಂವಿ-2. ತಮಿಳುನಾಡಿನ ಗುಡಿಯಾತ್ತಂ ಕಡೆಯ ತಳಿಯಲ್ಲಿ ಒಳ್ಳೆ ಗಿಡ ಆರಿಸಿ, ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಬಿಡುಗಡೆ ಆಯ್ತು. ಬೈಯೋಕೆ ಹೇಳ್ತಿಲ್ಲ. 105 ದಿನದ ಆಸುಪಾಸು ಕೈಗೆ ಬರ್ತದೆ, ನಮ್ಮ ಕೆಂಪು ಮಸಾರಿಗೆ, ಕಡಿಮೆ ಮಳೆಗೆ ಒಗ್ಗಿಕೊಂಡಿದೆ. ಚಳ್ಳಕೆರೆ ಎಣ್ಣೆ ನಗರ ಅನ್ನಿಸಿಕೊಂಡಿದ್ದರಲ್ಲಿ ಇದರ ಪಾಲು ದೊಡ್ಡದು. ಆದ್ರೆ 80 ವರ್ಷ ದಾಟಿದ ಒಂದೇ ತಳಿ ಊರೂರಿಗೂ ಹಾಕಿದ್ರೆ, ಒಂದು ಗಿಡಕ್ಕೆ ಆಗದ್ದು ಎಲ್ಲಾ ಗಿಡಕ್ಕೂ ಆಗಲ್ಲ.

ರೋಗಕ್ಕೆ ಈ ಬಡತನ ಇಲ್ಲ ನೋಡ್ರಿ. ಎಲೆಚುಕ್ಕೆ ಅಣಬು ಒಂದು ಹಂಗಾಮಿನಲ್ಲೇ ಎಷ್ಟೋ ತಲೆಮಾರು ದಾಟ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಶೇಂಗಾಕ್ಕೆ ಬೆನೋಮಿಲ್ ಅನ್ನೋ ಔಷಧ ಹೊಡೆದರು. ಕೆಲವೇ ವರ್ಷದಲ್ಲಿ ಅದಕ್ಕೆ ಜಗ್ಗದ ಅಣಬು ಹೊಲ ತುಂಬಿತು. ಔಷಧ ಆ ಶಕ್ತಿ ಕೊಟ್ಟದ್ದಲ್ಲ, ಜಗ್ಗದ್ದು ಮೊದಲೇ ಒಂದೆರಡು ಇದ್ದವು, ಮಿಕ್ಕಿದ್ದನ್ನ ಕೊಂದು ಅವಕ್ಕೆ ಜಾಗ ಮಾಡಿಕೊಟ್ಟಿತು. ನಾವು ಹೊಡೆಯೋ ಕಾರ್ಬೆಂಡಜಿಮ್ ಅದೇ ಮನೆತನದ್ದು. ವರ್ಷವರ್ಷ ಅದೊಂದನ್ನೇ ಹೊಡೆಯೋರು ಯೋಚನೆ ಮಾಡಿ.

ಕಳಕೊಂಡ ವ್ಯತ್ಯಾಸ ವಾಪಸ್ ತರೋ ದಾರಿನೂ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಎಲೆಚುಕ್ಕೆ, ತುಕ್ಕು ಎರಡನ್ನೂ ತಡೀತದೆ. ಆ ಗುಣ ಅದಕ್ಕೆ ಬಂದದ್ದು ಬೊಲಿವಿಯಾದ ಇನ್ನೊಂದು ಕಾಡು ಶೇಂಗಾದಿಂದ. ಮುರಿದುಹೋಗಿದ್ದ ನೆಂಟಸ್ತನವನ್ನ ವಿಜ್ಞಾನಿಗಳು ತಲೆಮಾರುಗಟ್ಟಲೆ ಸಂಕರ ಮಾಡಿ ಮತ್ತೆ ಕೂಡಿಸಿದರು.

ನನ್ನದು ನಾಲ್ಕು ಎಕರೆ. ಈ ಸಲ ಮೂರಕ್ಕೆ ಟಿಎಂವಿ, ಒಂದಕ್ಕೆ ಜಿಪಿಬಿಡಿ-4. ಬೀಜ ಬೆರೆಸಲ್ಲ, ಬದುವಿನ ಆಚೆ ಈಚೆ ಬೇರೆಬೇರೆ. ಹಳೇದು ಬಿಡು ಅಂತ ಮನೇಲಿ ಯಾರೂ ಅನ್ನಲಿಲ್ಲ, ಅದೊಂದನ್ನೇ ನಂಬು ಅಂತಾನೂ ಅನ್ನಲಿಲ್ಲ. ಮಳೆ, ರೋಗ ಎರಡೂ ಆರಿಸೋಕೆ ಬಂದೇ ಬರ್ತವೆ. ಆರಿಸೋಕೆ ಎರಡಾದ್ರೂ ಇರಲಿ ಅಂತ.

ನಾಯಕನಹಟ್ಟಿ, ಪರಶುರಾಂಪುರ, ರಾಂಪುರ ಕಡೆಯ ಅಣ್ಣಂದಿರೇ, ಮಳೆಗೆ ಮೊಳೆಯದೆ ಉಳಿದ ಗಿಡ ನಿಮ್ಮ ಹೊಲದಲ್ಲಿ ಕಂಡಿದ್ರೆ ಅದರ ಕಾಯಿ ಬೇರೆ ತೆಗೆದಿಡಿ. ಬರೀರಿ, ನೋಡೋಕೆ ಬರ್ತೀನಿ.