ಚಳಿನಾಡಿನ ತುಪ್ಪಳ, ಮಲೆನಾಡಿನ ಮಳೆ

ಬೇಸಿಗೆ ಬಂತೆಂದರೆ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಒಂದು ಕರುಣೆಯ ಕೆಲಸ ನಡೆಯುತ್ತದೆ. ಪಾಪ, ಸೆಖೆ ತಾಳದು ಎಂದು ಮನೆಯ ಬಿಳಿ ಪಮೇರಿಯನ್ ನಾಯಿಯ ಕೂದಲನ್ನು ಬುಡಮಟ್ಟ ಬೋಳಿಸಿಬಿಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ಕೂದಲು ಎಲ್ಲಿಂದ ಬಂತು, ಏಕೆ ಬಂತು ಎಂಬ ಕಥೆ ಗೊತ್ತಿದ್ದರೆ ಕತ್ತರಿ ಹಿಡಿದ ಕೈ ಒಂದು ಕ್ಷಣ ತಡೆದೀತು.

ಈ ನಾಯಿಯ ಹೆಸರಿನಲ್ಲೇ ಒಂದು ಸೀಮೆಯಿದೆ. ಪೊಮೆರೇನಿಯ ಎಂಬುದು ಬಾಲ್ಟಿಕ್ ಸಮುದ್ರದ ದಂಡೆಯ ಪ್ರದೇಶ. ಇಂದು ಪೋಲೆಂಡ್ ಮತ್ತು ಜರ್ಮನಿಗಳ ನಡುವೆ ಹಂಚಿಹೋಗಿದೆ. ಚೂಪು ಮೂತಿ, ನಿಮಿರಿದ ಕಿವಿ, ಬೆನ್ನ ಮೇಲೆ ಸುರುಳಿ ಬಾಲದ ಸ್ಪಿಟ್ಜ್ ಕುಲದ ನಾಯಿಗಳು ಆ ಚಳಿನಾಡುಗಳವು. 1767ರಲ್ಲಿ ಇಂಗ್ಲೆಂಡಿನ ರಾಣಿ ಷಾರ್ಲೆಟ್ ಇಂಥ ಎರಡು ನಾಯಿಗಳನ್ನು ತರಿಸಿಕೊಂಡಳು. ಅವು ಆಗ ಮಡಿಲಲ್ಲಿ ಹಿಡಿಸುವ ಗಾತ್ರದವಲ್ಲ. ಅವಳ ಮೊಮ್ಮಗಳು ವಿಕ್ಟೋರಿಯಾ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಮಾರ್ಕೊ ಎಂಬ ಪುಟ್ಟ ನಾಯಿಯನ್ನು ತಂದ ಮೇಲೆ ಚಿಕ್ಕದೇ ಚೆಂದ ಎಂಬ ಹುಚ್ಚು ಹತ್ತಿತು. ತಳಿಗಾರರು ತಲೆಮಾರಿನಿಂದ ತಲೆಮಾರಿಗೆ ದೇಹವನ್ನು ಕುಗ್ಗಿಸಿದರು. ಕುಗ್ಗದೆ ಉಳಿದದ್ದು ತುಪ್ಪಳ ಒಂದೇ.

ಬ್ರಿಟಿಷರ ಕಾಲದಲ್ಲಿ ಇದೇ ಕುಲ ಭಾರತಕ್ಕೆ ಬಂದು ಇಲ್ಲಿಯ ಬಿಸಿಲಿಗೆ ಒಗ್ಗಿಕೊಂಡಿತು. ನಾವು ಪಮೇರಿಯನ್ ಎಂದು ಕರೆಯುವ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ನಿಜವಾದ ಪಮೇರಿಯನ್ ಎರಡು ಮೂರು ಕಿಲೋ ತೂಗಿದರೆ ಹೆಚ್ಚು. ನಮ್ಮದು ಅದಕ್ಕಿಂತ ದೊಡ್ಡದು, ಗಟ್ಟಿಮುಟ್ಟು. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ ನೆನಪಿದೆಯಲ್ಲವೆ? ಅದೂ ಇದೇ ಜಾತಿ.

ಕನ್ನಡ ನಾಡಿಗೆ ನಾಯಿಯ ಮೇಲಿನ ಅಭಿಮಾನ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನೆಟ್ಟರು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಉತ್ತರ ಕರ್ನಾಟಕದ ಮುಧೋಳ ನಾಯಿಯೂ ಬೇಟೆಯದೇ. ಮೈಗಂಟಿದ ಗಿಡ್ಡ ಕೂದಲು, ಒರೆಸಿದರೆ ಸಾಕು. ನಾಯಿಗೆ ಅನ್ನ ಹಾಕುವುದು ನಮಗೆ ಗೊತ್ತಿತ್ತು, ತಲೆ ಬಾಚುವುದು ಗೊತ್ತಿರಲಿಲ್ಲ.

ಬಾಚಬೇಕಾದ ನಾಯಿ ಬಂದದ್ದು ಸಂಬಳದ ಮನೆಗಳಿಗೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು, ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಅವುಗಳ ಜತೆ ಕ್ವಾರ್ಟರ್ಸ್ ಬೆಳೆದವು. ತಿಂಗಳ ಸಂಬಳದ ಸಂಸಾರಗಳು ಬೆಳೆದವು. 1980-90ರ ದಶಕಗಳಲ್ಲಿ ನಾಡಿನ ಊರೂರಿನ ಇಂಥ ಮನೆಗಳಿಗೆ ಈ ಬಿಳಿ ನಾಯಿ ಹೊಕ್ಕಿತು. ಕಡಿಮೆ ತಿನ್ನುತ್ತದೆ, ಜೋರಾಗಿ ಬೊಗಳುತ್ತದೆ. ಮಧ್ಯಮ ವರ್ಗಕ್ಕೆ ಇನ್ನೇನು ಬೇಕು! ಆದರೆ ನಾಯಿಯೊಡನೆ ಬಾಚಣಿಗೆ ಬರಲಿಲ್ಲ.

ಸ್ಪಿಟ್ಜ್ ನಾಯಿಯ ಮೈಮೇಲೆ ಎರಡು ಪದರ ಕೂದಲಿದೆ. ಹೊರಗಿನದು ಉದ್ದ, ನೇರ, ಕೊಂಚ ಒರಟು. ಒಳಗಿನದು ಹತ್ತಿಯಂತೆ ಮೆತ್ತಗೆ. ಒಳಪದರ ಗಾಳಿಯನ್ನು ಹಿಡಿದಿಟ್ಟು ಚಳಿಗೆ ಕಂಬಳಿಯಾಗುತ್ತದೆ; ಹೊರಪದರ ಮಳೆ ಬಿಸಿಲುಗಳನ್ನು ತಡೆಯುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಮೈಯ ಬಿಸಿ ಕಳೆದುಕೊಳ್ಳುತ್ತದೆ. ಹೀಗಾಗಿ ಬೋಳಿಸಿದರೆ ತಂಪಾಗುವುದಕ್ಕಿಂತ ಬರಿ ಚರ್ಮಕ್ಕೆ ಬಿಸಿಲು ಬಡಿಯುವುದೇ ಹೆಚ್ಚು. ಬೋಳಿಸಿದ ಮೇಲೆ ಹೊರಪದರ ಸರಿಯಾಗಿ ಮರಳದೆ ತೇಪೆ ತೇಪೆಯಾಗಿ ಉಳಿದ ನಾಯಿಗಳೂ ಉಂಟು. ಸೆಖೆಗೆ ಮದ್ದು ನೆರಳು, ನೀರು ಮತ್ತು ಬಾಚಣಿಗೆ. ಉದುರಿದ ಒಳಗೂದಲನ್ನು ಬಾಚಿ ತೆಗೆದರೆ ಗಾಳಿ ತಾನಾಗಿ ಆಡುತ್ತದೆ.

ಬಾಚುವುದೆಂದರೆ ಮೇಲೆ ಮೇಲೆ ಸವರುವುದಲ್ಲ. ಕೂದಲನ್ನು ಕೈಯಿಂದ ಬಿಡಿಸಿ, ಪದರ ಪದರವಾಗಿ, ಬುಡದಿಂದ ಬಾಚಬೇಕು. ಸಿಕ್ಕು ಕಟ್ಟುವುದು ಕಿವಿಯ ಹಿಂದೆ, ಕಂಕುಳಲ್ಲಿ, ಹಿಂದೊಡೆಯಲ್ಲಿ. ಸ್ನಾನಕ್ಕೆ ಮೊದಲೇ ಸಿಕ್ಕು ಬಿಡಿಸಬೇಕು. ನೀರು ಬಿದ್ದರೆ ಗಂಟು ಬಿಗಿಯಾಗುತ್ತದೆ. ನಮ್ಮ ಚರ್ಮಕ್ಕಾಗಿ ಮಾಡಿದ ಸೋಪು ಶಾಂಪೂ ಅದರ ಚರ್ಮಕ್ಕೆ ಹೊಂದುವುದಿಲ್ಲ.

ಮಲೆನಾಡಿನ ಅಂಚಿನಲ್ಲಿರುವ ನಮ್ಮಲ್ಲಿ ಬೇಸಿಗೆಗಿಂತ ಕಷ್ಟ ಮಳೆಗಾಲ. ಆಷಾಢದಲ್ಲಿ ಬಟ್ಟೆಯೇ ಒಣಗದಿರುವಾಗ ನಾಯಿಯ ಒಳಗೂದಲು ಒಣಗೀತೆ? ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ಪಸೆ ಉಳಿದು ಚರ್ಮ ಕೆಂಪಾಗುತ್ತದೆ, ವಾಸನೆ ಹೊಡೆಯುತ್ತದೆ. ಟವೆಲಿನಿಂದ ಒತ್ತಿ ನೀರು ತೆಗೆದು, ಬುಡದ ತನಕ ಒಣಗಿಸದೆ ಬಿಡಬಾರದು.

ಇನ್ನು ಉಣುಗಿನ ವಿಷಯ. ಉಣುಗು ಎಂದರೆ ನಮ್ಮ ಜಿಲ್ಲೆಯ ಜನ ಬೆಚ್ಚುವುದು ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಮಂಗನ ಕಾಯಿಲೆಗೆ ಆ ಕಾಡಿನ ಹೆಸರೇ ಅಂತಾರಾಷ್ಟ್ರೀಯ ಹೆಸರಾಯಿತು. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು. ಮನೆನಾಯಿಯ ಮೈಗೆ ಸಾಮಾನ್ಯವಾಗಿ ಹತ್ತುವ ಕಂದು ಉಣುಗು ಬೇರೆ. ಹಾಗೆಂದು ಅದು ಸಾಧುವಲ್ಲ. ನಾಯಿಗೆ ಎರ್ಲಿಚಿಯ ಎಂಬ ರಕ್ತದ ಸೋಂಕು ತಗಲಿಸುತ್ತದೆ. ಜ್ವರ, ಮಂಕು, ಊಟ ಬಿಡುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ, ಇವು ಲಕ್ಷಣ. ಗಿಡ್ಡ ಕೂದಲಿನ ನಾಯಿಯಲ್ಲಿ ಉಣುಗು ಕಣ್ಣಿಗೆ ಬೀಳುತ್ತದೆ, ತುಪ್ಪಳದೊಳಗೆ ವಾರಗಟ್ಟಲೆ ಅಡಗಿರುತ್ತದೆ. ದಿನವೂ ಬಾಚುವ ಕೈಗೆ ಮಾತ್ರ ಸಿಗುತ್ತದೆ. ಸೀಮೆಎಣ್ಣೆ ಹಚ್ಚುವ ಹಳೆಯ ಉಪಾಯ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ವಿಷ. ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಈಚೆಗೆ ಸ್ಪಿಟ್ಜ್ ಜಾಗಕ್ಕೆ ಶಿಟ್ಜು, ಲಾಸಾ ಆಪ್ಸೊ ಬರುತ್ತಿವೆ. ಟಿಬೆಟ್ ಮೂಲದ ಈ ನಾಯಿಗಳ ಕೂದಲಿನ ಲೆಕ್ಕವೇ ಬೇರೆ. ಅದು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಇವುಗಳಿಗೆ ಕತ್ತರಿ ಆಡಿಸಲು ಅಡ್ಡಿಯಿಲ್ಲ, ಆಡಿಸಬೇಕು ಕೂಡ. ಚರ್ಮ ಕಾಣುವಷ್ಟು ಬೋಳಿಸದೆ ಒಂದೆರಡು ಬೆರಳಗಲ ಬಿಟ್ಟರಾಯಿತು. ಕತ್ತರಿ ಎತ್ತುವ ಮುಂಚೆ ಮೊದಲು ಕೇಳಬೇಕಾದದ್ದು ನಾಯಿಯ ಜಾತಿ ಯಾವುದೆಂದು.